ನೀರು ಬಿಟ್ಟ ನೆಲ

ಕೋಥರೂಡ, ಪುಣೆ
11 ಫೆಬ್ರುವರಿ 2025

ಕುಮಾರಿ ಇಂಪನಾ ಅವರಿಗೆ,

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಿಮ್ಮ ನಸುಕು ಸೈಕಲ್ ಬಳಗದ ವಾಟ್ಸಪ್ ಗುಂಪಿನಿಂದ ನಾನು ಹೊರಬಿದ್ದದ್ದು ಬೆರಳು ತಪ್ಪಿ ಅಲ್ಲ. ಭಾನುವಾರ ಸಂಜೆ ನಾನು ಬರೆದದ್ದನ್ನು ನಿಮ್ಮ ಮುಖ್ಯಸ್ಥ ಶ್ರೀನಾಥ್ ಐದು ನಿಮಿಷದಲ್ಲಿ ಅಳಿಸಿದರು. ಮತ್ತೆ ಬರೆದೆ, ಮತ್ತೆ ಅಳಿಸಿದರು. ಮೂರನೆಯ ಸಲ ಅಳಿಸಿ, ಒಂದು ನಗುವ ಮುಖದ ಚಿತ್ರ ಹಾಕಿ, "ಪಾಸಿಟಿವ್ ಆಗಿರೋಣ ಸರ್" ಎಂದರು. ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ಪತ್ರ ವಿಂಗಡಿಸಿದವನು ನಾನು. ಕಾಗದವನ್ನು ಹರಿಯಬಹುದು, ಸುಡಬಹುದು, ಆದರೆ ಅದನ್ನು ಬರೆದೇ ಇರಲಿಲ್ಲ ಎಂದು ಮಾಡಲಿಕ್ಕೆ ಬರುವುದಿಲ್ಲ. ಅದಕ್ಕೇ ಇದನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಬಳಗದ ಸವಾರಿಗಳಿಗೆ ದಾರಿಯ ನಕ್ಷೆ ಬಿಡಿಸುವವರು ನೀವು. ಆದ್ದರಿಂದ ನನ್ನ ಸಿಟ್ಟು ನಿಮ್ಮ ಮೇಲೆ.

ಭಾನುವಾರ ಏನಾಯಿತು ಎಂಬುದು ನಿಮಗೆ ಗೊತ್ತಿದೆ, ಆದರೆ ನನ್ನ ಕಣ್ಣಿನಿಂದ ಗೊತ್ತಿಲ್ಲ. ಬಾರಾಮತಿಯಲ್ಲಿ ಟೆಂಪೊದಿಂದ ಸೈಕಲ್ ಇಳಿಸಿಕೊಂಡು ಹೊರಟ ನಲವತ್ತೆರಡು ಮಂದಿಯಲ್ಲಿ ಕೊನೆಯವನು ಎಂದಿನಂತೆ ನಾನೇ. ನನ್ನದು ಇಪ್ಪತ್ತೆರಡು ಇಂಚಿನ ಕರಿ ಸೈಕಲ್ಲು, ಗೇರಿಲ್ಲ, ಅವಸರವೂ ಇಲ್ಲ. ಕಾಲುವೆಯ ಏರಿಯ ಮೇಲೆ, ಎರಡೂ ಕಡೆ ಕಬ್ಬು, ಅಂಗೈಯಷ್ಟು ಸಪಾಟಾದ ದಾರಿ. ಖುಷಿಯಿಂದಲೇ ಬಂದೆ. ಭಿಗವಣ ದಾಟಿ ಹಿಂಗಣೆವಾಡಿಯ ದಂಡೆಯ ಮೇಲೆ ಬಂದು ನಿಂತಾಗ ಅಣೆಕಟ್ಟಿನ ಹಿನ್ನೀರು ಕಂಡಿತು, ನೀರಿನಲ್ಲಿ ಫ್ಲೆಮಿಂಗೊಗಳು ಕಂಡವು. ಅದರ ಈಚೆಗೆ, ನೀರು ಸರಿದು ಬಿಟ್ಟ ಮೆತ್ತನೆಯ ಹೂಳಿನಲ್ಲಿ, ನಲವತ್ತೊಂದು ಸೈಕಲ್ಲುಗಳು ಉತ್ತ ಗುರುತು ಕಂಡಿತು. ಅದು ಬಿತ್ತಿದ ನೆಲ. ಮೂರು ದಿನದ ಹಿಂದೆ ಬಿತ್ತಿದ ಗೋವಿನಜೋಳ.

ಹೊಲದವನು ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತು, ಚಕ್ರದ ಗುರುತಿನಲ್ಲಿ ಮೇಲೆದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ತಲೆಯ ಟೊಪ್ಪಿಗೆಯೊಳಗೆ ಹಾಕಿಕೊಳ್ಳುತ್ತಿದ್ದ. ನಿಮ್ಮ ಬಳಗದ ಹುಡುಗಿ ಪೂರ್ವಾ ಅವನ ಫೋಟೊ ತೆಗೆದಳು, ಹಿಂದೆ ಹಕ್ಕಿಗಳು ಬರುವ ಹಾಗೆ ಬಾಗಿ ಬಾಗಿ. ಶ್ರೀನಾಥ್ ನನಗೆ "ಬರೀ ಕೆಸರು ಅಲ್ವಾ ಸರ್, ಮಳೆ ಬಂದ್ರೆ ಸರಿ ಹೋಗತ್ತೆ" ಎಂದರು. ಫೆಬ್ರುವರಿಯಲ್ಲಿ ಅವರಿಗೆ ಮಳೆ ಯಾರು ತರುತ್ತಾರೋ ನಾನರಿಯೆ. ನೀವೇನು ಮಾಡುತ್ತಿದ್ದಿರಿ ಎಂದರೆ, ದಂಡೆಯ ಮೇಲೆ ಕೂತು ಕಡ್ಡಿಯಿಂದ ಬೂಟಿನ ಕೆಸರು ಕೆರೆಯುತ್ತಿದ್ದಿರಿ. ಆ ಕೆಸರಿನಲ್ಲೂ ಕಾಳಿದ್ದವು.

ಮನೆಗೆ ಬಂದು ನಿಮ್ಮ ನಕ್ಷೆ ನೋಡಿದೆ. ಆ ಎರಡೂವರೆ ಕಿಲೋಮೀಟರಿನ ತುಂಡಿಗೆ "ಯಾರದ್ದೂ ಅಲ್ಲದ ದಾರಿ" ಎಂದು ಹೆಸರು ಕೊಟ್ಟಿದ್ದೀರಿ. ಯಾವ ಪುಣ್ಯಾತ್ಮ ಇಟ್ಟ ಹೆಸರು ಇದು? ಕಂಡವರ ಹೊಲದ ಮೇಲೆ ಸೈಕಲ್ ಓಡಿಸಿ ಅದಕ್ಕೆ ಕವಿತೆಯಂಥ ಹೆಸರು ಬೇರೆ.

ಮಾರ್ಚ್ 16ಕ್ಕೆ ಮುನ್ನೂರು ಮಂದಿಯ ದೊಡ್ಡ ಸವಾರಿ ಅದೇ ದಾರಿಯಲ್ಲಿ ಎಂದು ಸಾರಿದ್ದೀರಿ. ನಲವತ್ತೊಂದಕ್ಕೆ ಅರ್ಧ ಎಕರೆ ಹೋಗಿದೆ. ಮುನ್ನೂರಕ್ಕೆ ಏನು ಉಳಿಯುತ್ತದೆ, ಲೆಕ್ಕ ನಿಮಗೇ ಚೆನ್ನಾಗಿ ಬರುತ್ತದೆ. ಆ ತುಂಡನ್ನು ನಕ್ಷೆಯಿಂದ ತೆಗೆಯಿರಿ. ಬೇರೆ ಏನೂ ನನಗೆ ಬೇಡ.

ಸಿಟ್ಟಿನಲ್ಲಿಯೇ ಇರುವ,
ಶಿವರುದ್ರಪ್ಪ


ಯೆರವಡಾ, ಪುಣೆ
17 ಫೆಬ್ರುವರಿ 2025

ನಮಸ್ತೆ ಸರ್,

ನಾನು ಕೊನೆಯ ಸಲ ಕೈಯಲ್ಲಿ ಪತ್ರ ಬರೆದದ್ದು ಎಂಟನೇ ಕ್ಲಾಸಿನ ಪರೀಕ್ಷೆಯಲ್ಲಿ, ಮೂರು ದಿನದ ರಜೆ ಕೋರಿ. ಅಕ್ಷರ ನೋಡಿ ನಗಬೇಡಿ. ನಿಮ್ಮ ರಿಜಿಸ್ಟರ್ ಬಂದಾಗ ನಮ್ಮ ಸೊಸೈಟಿಯ ವಾಚ್‌ಮನ್ ಅದನ್ನು ಕೋರ್ಟಿನ ನೋಟಿಸ್ ಅಂದುಕೊಂಡ. ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು.

ಎರಡು ವರ್ಷದಿಂದ ನೀವು ನನ್ನನ್ನು ತಂಗಿ ಎಂದೇ ಕರೆದಿದ್ದೀರಿ. "ಕುಮಾರಿ ಇಂಪನಾ ಅವರಿಗೆ" ಅಂತ ಓದಿ ಬೇಜಾರಾಯಿತು. ಸಿಟ್ಟಿರಲಿ, ಬೈಯಿರಿ, ಆದರೆ ಆಫೀಸಿನವರ ಹಾಗೆ ಬರೆಯಬೇಡಿ.

ತಪ್ಪಾಗಿದೆ, ಒಪ್ಪುತ್ತೇನೆ. ಆದರೆ ಬೇಕಂತ ಮಾಡಿದ್ದಲ್ಲ ಸರ್. ಅಲ್ಲಿ ಬೇಲಿ ಇರಲಿಲ್ಲ, ಬೋರ್ಡ್ ಇರಲಿಲ್ಲ, ಒಂದು ಎಲೆ ಹಸಿರೂ ಇರಲಿಲ್ಲ. ನಾನು ಮಂಡ್ಯದವಳು, ಗದ್ದೆ ನೋಡದವಳಲ್ಲ. ಗದ್ದೆ ಅಂದರೆ ಬದು ಇರುತ್ತದೆ, ಯಾರೋ ಒಬ್ಬರು ಇರುತ್ತಾರೆ. ಇದು ಕಣ್ಣು ಹಾಯಿಸಿದಷ್ಟೂ ಬೋಳು ಮಣ್ಣು, ಅದರಾಚೆ ನೀರು. ಅಲ್ಲಿ ಯಾರಾದರೂ ಬಿತ್ತುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಪತ್ರ ಬಂದ ಮೇಲೆ ಶನಿವಾರದ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಶ್ರೀನಾಥ್ ಲ್ಯಾಪ್‌ಟಾಪ್‌ನಲ್ಲಿ ಸ್ಯಾಟಲೈಟ್ ಚಿತ್ರ ತೆಗೆದು ತೋರಿಸಿದರು. "ನೋಡಿ, ಇಲ್ಲಿ ನೀಲಿ ಇದೆ. ಅಂದ್ರೆ ಅದು ನೀರು. ನೀರಿಗೆ ಓನರ್ ಇರ್ತಾರಾ? ಇದ್ರೆ ಪೇಪರ್ ತೋರಿಸಲಿ, ಎರಡು ನಿಮಿಷದಲ್ಲಿ ಡಿಲೀಟ್ ಮಾಡೋಣ" ಎಂದರು. ಉಳಿದವರೂ ಹೂಂ ಎಂದರು. ಆ ತುಂಡು ಬಿಟ್ಟರೆ ಹೆದ್ದಾರಿಯಲ್ಲಿ ಹನ್ನೊಂದು ಕಿಲೋಮೀಟರ್ ಹೆಚ್ಚಾಗುತ್ತದೆ, ಕಬ್ಬಿನ ಟ್ರಾಕ್ಟರುಗಳ ನಡುವೆ. ಹಕ್ಕಿಗಳೂ ಕಾಣುವುದಿಲ್ಲ. ಜನ ಬರುತ್ತಿರುವುದೇ ಹಕ್ಕಿಗಾಗಿ. ಟೀ ಶರ್ಟಿನ ಮೇಲೂ ಅದೇ ನಕ್ಷೆ ಪ್ರಿಂಟ್ ಆಗಿಬಿಟ್ಟಿದೆ.

ನಿಮಗೆ ಆ ರೈತರ ಪರಿಚಯವಾಗಿದ್ದರೆ ಏನಾದರೂ ಒಂದು ಕಾಗದ ಸಿಗುತ್ತದಾ ನೋಡಿ. ಮೀಟಿಂಗಿನಲ್ಲಿ ಎದೆ ತಟ್ಟಿ ಮಾತಾಡಲು ನನಗೂ ಒಂದು ಆಧಾರ ಬೇಕು.

ನಿಮ್ಮ,
ಇಂಪನಾ


ಕೋಥರೂಡ, ಪುಣೆ
22 ಫೆಬ್ರುವರಿ 2025

ಇಂಪನಾ ಅವರಿಗೆ,

ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ. ಒಳಗಿನ ಮಾತು ಚೆನ್ನಾಗಿಲ್ಲ.

ನೀರಿಗೆ ಒಡೆಯರಿದ್ದಾರೆಯೇ ಎಂದು ಶ್ರೀನಾಥ್ ಕೇಳಿದರಂತೆ. ಇದ್ದಾರೆ ಎಂದು ಅವರಿಗೆ ಹೇಳಿರಿ. ನೀರಿನ ಕೆಳಗೆ ಊರುಗಳಿವೆ. ಅಣೆಕಟ್ಟು ಕಟ್ಟಿದಾಗ ಹೊಲ ಕಳೆದುಕೊಂಡವರು ದಂಡೆಯ ಮೇಲೆ ಹೋಗಿ ಕೂತರು. ಬೇಸಿಗೆ ಬರುತ್ತಿದ್ದಂತೆ ನೀರು ಇಳಿಯುತ್ತದೆ, ಒಂದೊಂದೇ ಪಟ್ಟಿ ಹೂಳಿನ ನೆಲವನ್ನು ಬಿಡುತ್ತಾ ಹೋಗುತ್ತದೆ. ನೀರು ಸರಿದಲ್ಲಿಗೆ ಬಿತ್ತನೆಯೂ ಸರಿಯುತ್ತದೆ. ಅಲ್ಲಿಯವರು ಇದಕ್ಕೆ ಗಾಳಪೇರ ಎನ್ನುತ್ತಾರೆ. ಹೂಳಿನ ತೇವ ಎಂಟು ದಿನ ಇರುತ್ತದೆ, ಅಷ್ಟರೊಳಗೆ ಕಾಳು ನೆಲಕ್ಕೆ ಬೀಳಬೇಕು. ತಪ್ಪಿದರೆ ಮೇಲ್ಮಣ್ಣು ಬಿರಿದು ಹೆಂಚಾಗುತ್ತದೆ. ಬದು ಯಾಕಿಲ್ಲ ಎಂದು ಕೇಳಿದಿರಲ್ಲ. ಪ್ರತಿ ವರ್ಷ ಮುಳುಗುವ ನೆಲಕ್ಕೆ ಯಾರು ಬದು ಕಟ್ಟುತ್ತಾರೆ?

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನನ್ನ ಊರು ಬಾಗಲಕೋಟೆಯ ಕಡೆಯದು. ಹೆಸರು ಹೇಳಿ ಉಪಯೋಗವಿಲ್ಲ, ನಿಮ್ಮ ನಕ್ಷೆಯಲ್ಲಿ ಅದೂ ನೀಲಿಯೇ. ಮುಳುಗಡೆಯಲ್ಲಿ ಹೋಯಿತು. ನನ್ನ ಅಣ್ಣ ಇಂದಿಗೂ ನೀರು ಇಳಿದಾಗ ಹೋಗಿ ನಮ್ಮ ಅಪ್ಪನ ಹೊಲದಲ್ಲಿ ಬಿತ್ತುತ್ತಾನೆ. ತನ್ನ ಹೊಲವೇ ತನಗೆ ವರ್ಷಕ್ಕೊಂದು ಬೆಳೆಯ ಗೇಣಿಗೆ. ಎರಡು ವರ್ಷ ನಿಮ್ಮ ಜೊತೆ ಸೈಕಲ್ ತುಳಿದರೂ ಇದನ್ನು ನಾನು ಹೇಳಲಿಲ್ಲ. ಸವಾರಿಯಲ್ಲಿ ಯಾರೂ ಇಂಥದ್ದನ್ನು ಕೇಳುವುದಿಲ್ಲ, ಎಲ್ಲರೂ ಟೈರಿನ ಗಾಳಿಯ ಬಗ್ಗೆಯೇ ಕೇಳುತ್ತಾರೆ.

ಕಾಗದ ಬೇಕು ಎಂದಿರಿ. ಗುರುವಾರ ಎಸ್.ಟಿ. ಬಸ್ಸು ಹಿಡಿದು ಹಿಂಗಣೆವಾಡಿಗೆ ಹೋದೆ. ಆ ರೈತರ ಹೆಸರು ಮಾರ್ತಾಂಡ. ಐವತ್ತರ ಆಸುಪಾಸು. ಅವರ ಮನೆಯ ಕಟ್ಟೆಯ ಮೇಲೆ ಕೂತು, ನೀರಾವರಿ ಕಚೇರಿಯಿಂದ ಕೊಟ್ಟ ಲಾವಣಿಯ ಪಾವತಿ, ಅಂದರೆ ಗೇಣಿಯ ರಶೀದಿ, ಇದ್ದರೆ ಒಂದು ಪ್ರತಿ ಕೊಡಿರಿ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ಪಾವತಿ ಅದರೀ, ಪೆಟಿಗ್ಯಾಗ ಅದ. ಆದ್ರ ಕೊಡೂದಿಲ್ಲ. ಕಾಗದಾ ತೋರ್ಸಿ ತೋರ್ಸೇ ನಮ್ಮೂರು ಹೋತು. ಈಗ ಸೈಕಲ್ಲಿನವರಿಗೂ ತೋರಿಸಬೇಕೇನ್ರಿ?"

ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆಯಿರಿ.

ಹೋದ ಅರ್ಧ ಎಕರೆಯಲ್ಲಿ ಮರಳಿ ಬಿತ್ತಲು ಅವರಿಂದಾಗಲಿಲ್ಲ, ತೇವ ಹೋಗಿತ್ತು. ಮೊಳಕೆ ಬಂದಿದ್ದು ಚಕ್ರ ಹೋಗದ ಕಡೆ ಮಾತ್ರ. ಮಾರ್ಚ್ ಎರಡನೆಯ ವಾರಕ್ಕೆ ನೀರು ಇನ್ನೂ ನೂರು ಹೆಜ್ಜೆ ಹಿಂದೆ ಸರಿಯುತ್ತದಂತೆ, ಆಗ ಕೆಳಗಿನ ಪಟ್ಟಿಗೆ ಬಿತ್ತನೆ. ಈ ವರ್ಷ ಅವರ ಮನೆಗೆ ಉಳಿದದ್ದು ಅದೊಂದೇ. ನಿಮ್ಮ ಮುನ್ನೂರು ಮಂದಿ ನೀರಿನ ಅಂಚು ಹಿಡಿದೇ ಬರುವವರಲ್ಲವೇ? ಸರಿಯಾಗಿ ಅದರ ಮೇಲೆಯೇ ಬರುತ್ತಾರೆ.

ಪ್ರೂಫ್ ಕೇಳುವ ಮಂದಿಗೆ ಕಣ್ಣಿಗೆ ಕಂಡ ಕಾಳು ಸಾಲುವುದಿಲ್ಲ ಎಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೇನು ಸಿಗಬೇಕಿದೆ? ನನ್ನ ಹೆಂಡತಿ ಶಿವಗಂಗವ್ವ "ನಿಮಗ ಒಂದು ಸೈಕಲ್ಲು, ಇಲ್ಲಾ ಒಂದು ಜಗಳ, ಎರಡರಾಗ ಒಂದು ದಿನಾ ಬೇಕೇ ಬೇಕು" ಎನ್ನುತ್ತಾಳೆ. ಈ ಸಲ ಸೈಕಲ್ಲಿನಿಂದಲೇ ಜಗಳ ಬಂದಿದೆ.

ಶಿವರುದ್ರಪ್ಪ


ಯೆರವಡಾ
28 ಫೆಬ್ರುವರಿ 2025

ಸರ್,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಆಮೇಲೆ ಒಂದು ಕೆಲಸ ಮಾಡಿದೆ. ಅದನ್ನು ಮಾಡಬಾರದಿತ್ತೇನೋ.

ಈ ದಾರಿಯನ್ನು ನಾವು ಮೊದಲು ಹೋದದ್ದು ಕಳೆದ ವರ್ಷ ಮೇ 26ಕ್ಕೆ. ಆವತ್ತು ನಾವು ಹನ್ನೊಂದು ಜನ. ದಾರಿ ತೋರಿಸಿದವರು ನೀವು. ದಾರಿ ರೆಕಾರ್ಡ್ ಆಗಲಿ ಎಂದು ನನ್ನ ಫೋನನ್ನು ನಿಮ್ಮ ಕರಿ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ್ದೆ. ವಿಡಿಯೊ ಕೂಡ ಆನ್ ಇತ್ತು. ಅದು ಇನ್ನೂ ನನ್ನ ಹತ್ತಿರ ಇದೆ. ನೀರಿನ ಅಂಚಿಗೆ ಬಂದಾಗಿನ ಮಾತನ್ನು ಹಾಗೇ ಕೆಳಗೆ ಬರೆಯುತ್ತಿದ್ದೇನೆ.

ನಾನು: "ಸರ್, ಇದು ಯಾರ ಜಾಗ? ಹೋಗ್ಬಹುದಾ?"

ನೀವು: "ಯಾರದ್ದೂ ಅಲ್ಲ ತಂಗಿ. ನೀರು ಬಂದ್ರ ನೀರಿಂದು, ನೀರು ಹೋದ್ರ ನಮ್ದು. ನಡೀರಿ, ನಡೀರಿ."

ಎಲ್ಲರೂ ಚಪ್ಪಾಳೆ ತಟ್ಟಿದ್ದು ಕೇಳಿಸುತ್ತದೆ. ಶ್ರೀನಾಥ್ "ಏನ್ ಲೈನ್ ಸರ್" ಅಂದದ್ದೂ ಕೇಳಿಸುತ್ತದೆ. ಆ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟ ಎಂದು ಮೊದಲ ಪತ್ರದಲ್ಲಿ ಕೇಳಿದ್ದಿರಿ. ನಿಮಗೆ ಗೌರವ ಎಂದುಕೊಂಡು ನಿಮ್ಮ ಮಾತನ್ನೇ ಇಟ್ಟವಳು ನಾನು.

ಇನ್ನೂ ಒಂದು ಇದೆ. ಅಲ್ಲಿಂದ ಮುಂದೆ ಸುಮಾರು ಐದು ನಿಮಿಷ ಚಕ್ರದ ಕೆಳಗೆ ಏನೋ ಪಟಪಟ ಮುರಿಯುವ ಸದ್ದಿದೆ. ಆವತ್ತು ಒಣಕಡ್ಡಿ ಇರಬೇಕು ಎಂದುಕೊಂಡಿದ್ದೆ. ನಿನ್ನೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕೊಯ್ದು ಬಿಟ್ಟ ಜೋಳದ ಮೋಟುಗಳು. ಸಾಲು ಸಾಲಾಗಿ ಇವೆ. ನೀವು ಸಾಲು ತಪ್ಪಿಸಿ ಸೈಕಲ್ ಹೊಡೆಯುತ್ತೀರಿ, ಒಂದೂ ಮೋಟು ಟೈರಿಗೆ ಚುಚ್ಚದ ಹಾಗೆ. ಮುರಿಯುವ ಸದ್ದು ನಿಮ್ಮ ಹಿಂದೆ ಬರುತ್ತಿದ್ದ ನಮ್ಮದು.

ಅಂದರೆ ನೋಡಿದ್ದಿರಿ. ಗೊತ್ತಿತ್ತಾ ಸರ್?

ಇದನ್ನು ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ. ಆದರೆ ಕೇಳದೆ ಇರಲು ಆಗಲಿಲ್ಲ. ನಾನು ಗದ್ದೆ ಗುರುತಿಸಲಿಲ್ಲ ಎಂದು ಎರಡು ಪತ್ರ ಬೈದಿರಿ. ನಾನು ಆವತ್ತು ಕೇಳಿದ್ದೆ.

ಇಂಪನಾ


ಕೋಥರೂಡ, ಪುಣೆ
10 ಮಾರ್ಚ್ 2025

ತಂಗಿ ಇಂಪನಾ,

ಹತ್ತು ದಿನ ನಿನಗೆ ಉತ್ತರ ಬರೆಯಲಿಲ್ಲ. ಬರೆದದ್ದು ಮೂರು ಪತ್ರ, ಹರಿದದ್ದೂ ಮೂರು. ಒಂದರಲ್ಲಿ ನನಗೆ ಮರೆವು ಎಂದು ಬರೆದಿದ್ದೆ. ಒಂದರಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು. ಮೂರನೆಯದರಲ್ಲಿ, ಹಿರಿಯರ ಮಾತನ್ನು ಅವರಿಗೆ ಹೇಳದೆ ರೆಕಾರ್ಡ್ ಮಾಡುವುದು ಯಾವ ಸಂಸ್ಕೃತಿ ಎಂದು ನಿನ್ನನ್ನೇ ಬೈದಿದ್ದೆ. ಶಿವಗಂಗವ್ವ ಅದನ್ನು ಓದಿ "ಖರೇ ಬರೀರಿ, ಇಲ್ಲಾಂದ್ರ ಬರೀಬ್ಯಾಡ್ರಿ. ಅಂಚಿ ಖರ್ಚಾದ್ರೂ ಉಳೀತದ" ಎಂದಳು.

ಖರೆ ಇದು. ಗೊತ್ತಿತ್ತು.

ಮೋಟು ಕಂಡ ಕೂಡಲೇ ಗೊತ್ತಾಯಿತು. ಅಣ್ಣನ ಜೊತೆ ಅಂಥ ಸಾಲುಗಳಲ್ಲಿ ನಾನೂ ಓಡಾಡಿದವನು, ಚಪ್ಪಲಿಗೆ ಚುಚ್ಚದ ಹಾಗೆ ಹೆಜ್ಜೆ ಇಡಲು ನನಗೆ ಯಾರೂ ಕಲಿಸಬೇಕಿಲ್ಲ. ನೀನು ಕೇಳಿದಾಗ "ಇದು ಗಾಳಪೇರ, ಬೆಳೆ ಕೊಯ್ದಿದೆ, ಮೇ ತಿಂಗಳಲ್ಲಿ ಹೋಗಬಹುದು, ಫೆಬ್ರುವರಿಯಲ್ಲಿ ಕಾಲಿಡಬಾರದು" ಎಂದು ಒಂದು ಮಾತು ಹೇಳಬಹುದಿತ್ತು. ಅಷ್ಟೇ ಸಾಕಿತ್ತು. ಹೇಳಲಿಲ್ಲ.

ಯಾಕೆ ಎಂದು ಹತ್ತು ದಿನ ನನ್ನನ್ನು ನಾನೇ ಬೈದುಕೊಂಡು ಕೇಳಿದ್ದೇನೆ. ಹೇಳಿದ್ದರೆ ನೀನು ಆ ತುಂಡನ್ನು ನಕ್ಷೆಗೆ ಹಾಕುತ್ತಿರಲಿಲ್ಲ. ಹಾಕದಿದ್ದರೆ ಹೆದ್ದಾರಿಯ ಹನ್ನೊಂದು ಕಿಲೋಮೀಟರು. ಗೇರಿಲ್ಲದ ಸೈಕಲ್ಲಿನ ಮೇಲೆ, ಈ ಮೊಣಕಾಲಿನಲ್ಲಿ, ಟ್ರಾಕ್ಟರುಗಳ ಸಂದಿಯಲ್ಲಿ ಅದು ನನ್ನಿಂದ ಆಗುವುದಿಲ್ಲ. ಆಗ ನೀವೆಲ್ಲ "ಅಂಕಲ್ ಟೆಂಪೊದಾಗ ಕೂಡ್ರಿ" ಎನ್ನುತ್ತೀರಿ. ಒಂದು ಸಲ ಟೆಂಪೊದಲ್ಲಿ ಕೂತವನನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ. ಆವತ್ತು ಹತ್ತು ಮಂದಿ ಹರೆಯದವರು ನನ್ನ ಬಾಯಿ ನೋಡುತ್ತಿದ್ದರು. ನಿವೃತ್ತನಾದ ಮೇಲೆ ನನ್ನ ಬಾಯಿಯನ್ನು ಯಾರೂ ಹಾಗೆ ನೋಡಿರಲಿಲ್ಲ. ಒಂದು ಚಂದದ ಮಾತು ನಾಲಿಗೆಗೆ ಬಂತು, ಆಡಿಬಿಟ್ಟೆ. ಚಪ್ಪಾಳೆ ಬಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ನಾನು ಅದೇ. ಶ್ರೀನಾಥನಿಗೆ ತಿಳಿದಿರಲಿಲ್ಲ, ಪೂರ್ವಾಗೆ ತಿಳಿದಿರಲಿಲ್ಲ, ನಿನಗೆ ತಿಳಿದಿರಲಿಲ್ಲ. ಮುಳುಗಡೆಯ ಮಗ ನಾನೊಬ್ಬನೇ ತಿಳಿದವನು, ನಾನೇ ಸುಮ್ಮನಿದ್ದವನು. ಫೆಬ್ರುವರಿಯಲ್ಲಿ ಅಷ್ಟೊಂದು ಕೂಗಾಡಿದ್ದು ನನಗೆ ನಾನೇ ಕೇಳಿಸಬಾರದು ಎಂದಿರಬೇಕು.

ಹಾಗೆಂದು ನಿಮ್ಮವರ ಮೇಲಿನ ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ನನ್ನ ತಪ್ಪು ದೊಡ್ಡದಾದ ಮಾತ್ರಕ್ಕೆ ಅವರದು ಸಣ್ಣದಾಗುವುದಿಲ್ಲ. ಕಾಳು ಹೆಕ್ಕುವವನನ್ನು ಎದುರಿಗೆ ಕಂಡ ಮೇಲೂ ಪ್ರೂಫ್ ಕೇಳಿದವರು ಅವರು.

ಅವರಿಗೆ ಕಾಗದ ಬೇಕಲ್ಲವೇ? ಮಾರ್ತಾಂಡರು ಕೊಡಲಿಲ್ಲ, ನಾನು ಕೊಡುತ್ತೇನೆ. ಇದನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದು:

"ಶಿವರುದ್ರಪ್ಪ, ವಯಸ್ಸು ಅರವತ್ತೇಳು, ನಿವೃತ್ತ ಅಂಚೆ ನೌಕರ, ಬರೆದುಕೊಡುವುದೇನೆಂದರೆ: ಹಿಂಗಣೆವಾಡಿಯ ಹಿನ್ನೀರಿನ ಅಂಚಿನ ಎರಡೂವರೆ ಕಿಲೋಮೀಟರು ದಾರಿಯಲ್ಲ, ಹೊಲ. ಅದನ್ನು ದಾರಿ ಎಂದು ಮೊದಲು ತೋರಿಸಿದವನು ನಾನು. ತೋರಿಸುವಾಗಲೇ ಅದು ಹೊಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಇದಕ್ಕೆ ಸಾಕ್ಷಿ ಇಂಪನಾ ಅವರ ಹತ್ತಿರದ ವಿಡಿಯೊ. ಅದನ್ನು ಯಾರು ಬೇಕಾದರೂ ನೋಡಬಹುದು."

ಮಾರ್ತಾಂಡರಿಗೆ ಬರೆದು ತಿಳಿಸುವುದಿಲ್ಲ. ಬಾಯಿಂದಲೇ ಹೇಳುತ್ತೇನೆ. ಯಾವಾಗ ಎಂದು ಕೇಳಬೇಡ, ಅಷ್ಟು ಧೈರ್ಯ ಇನ್ನೂ ಕೂಡಿಲ್ಲ.

ನಿನ್ನನ್ನು ಮತ್ತೆ ತಂಗಿ ಎಂದಿದ್ದೇನೆ. ಬೇಡವಾದರೆ ಹೇಳು.

ಶಿವರುದ್ರಪ್ಪ


ಯೆರವಡಾ
13 ಮಾರ್ಚ್ 2025

ಸರ್,

ಈ ಪತ್ರವನ್ನು ಪೋಸ್ಟ್ ಮಾಡಿದರೆ ಭಾನುವಾರದ ಒಳಗೆ ತಲುಪುವುದಿಲ್ಲ. ಆಫೀಸಿನ ಕ್ಯಾಬ್ ಕೋಥರೂಡದ ಮೇಲೆ ಹೋಗುತ್ತದೆ, ನಾನೇ ನಿಮ್ಮ ಲೆಟರ್ ಬಾಕ್ಸಿಗೆ ಹಾಕಿ ಹೋಗುತ್ತೇನೆ. ಮೇಲೆ ಬರುವುದಿಲ್ಲ, ಲೇಟಾಗುತ್ತದೆ. ಬಂದರೆ ಅಳುತ್ತೇನೆ ಎಂಬ ಭಯವೂ ಇದೆ. ತಂಗಿ ಎಂದದ್ದು ಬೇಡವಾಗಿಲ್ಲ.

ನಿನ್ನೆ ಮೀಟಿಂಗಿನಲ್ಲಿ ಓದಿದೆ. ಪೂರ್ತಿ, ನಿಲ್ಲಿಸದೆ. ಮುಗಿಯುತ್ತಿದ್ದಂತೆ ಹಿಂದೆ ಕೂತಿದ್ದ ಒಬ್ಬ ನಕ್ಕ. ಶ್ರೀನಾಥ್ "ಪಾಪ, ಸೀನಿಯರ್ ಸಿಟಿಜನ್, ತುಂಬಾ ಎಮೋಶನಲ್ ಆಗಿದ್ದಾರೆ" ಎಂದರು. ನಾನು ಮೊದಲನೇ ಸಲ ಮೀಟಿಂಗಿನಲ್ಲಿ ಕೂಗಿದೆ ಸರ್. "ಎಮೋಶನ್ ಅಲ್ಲ, ನೀವು ಕೇಳಿದ ಪೇಪರ್ ಇದು" ಎಂದೆ.

ಒಂದು ಗಂಟೆ ಚರ್ಚೆ ಆಯಿತು. ಕೊನೆಗೆ ಆ ತುಂಡನ್ನು ತೆಗೆಯಲು ಒಪ್ಪಿದರು. ಖುಷಿಪಡಬೇಡಿ. ಒಪ್ಪಿದ್ದು ನಿಮ್ಮ ಕಾಗದಕ್ಕಲ್ಲ, ಮಾರ್ತಾಂಡರ ಹೊಲಕ್ಕೂ ಅಲ್ಲ. ಕಳೆದ ಸಲ ಹೂಳು ಸಿಕ್ಕಿಕೊಂಡು ಆರು ಜನರ ಗೇರ್ ಕೆಟ್ಟಿತ್ತು ಎಂದು ಯಾರೋ ನೆನಪಿಸಿದರು. ಸೈಕಲ್ಲಿಗೆ ಪೆಟ್ಟು ಎಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. "ಸವಾರರ ಅನುಕೂಲಕ್ಕಾಗಿ ಮಾರ್ಗ ಬದಲಾಗಿದೆ" ಎಂದು ನೋಟಿಸ್ ಹಾಕಿದ್ದಾರೆ. ಹೊಲ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ನಾನು ಸೇರಿಸಿದೆ, ಶ್ರೀನಾಥ್ ಅಳಿಸಿದರು. ಮತ್ತೆ ಸೇರಿಸಿದೆ, ಮತ್ತೆ ಅಳಿಸಿದರು. ಆಗ ನಿಮಗೆ ಹೇಗಾಗಿತ್ತು ಎಂದು ಈಗ ಗೊತ್ತಾಯಿತು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮುನ್ನೂರು ಜನರ ಫೋನಿನಲ್ಲಿ ಹಳೆಯ ನಕ್ಷೆ ಈಗಾಗಲೇ ಇಳಿದಿದೆ. ನಾನು ಇಲ್ಲಿ ತೆಗೆದರೆ ಅಲ್ಲಿಂದ ಹೋಗುವುದಿಲ್ಲ. ನೋಟಿಸ್ ಎಷ್ಟು ಜನ ಓದುತ್ತಾರೆ? ಹಕ್ಕಿ ನೋಡಬೇಕು ಎನ್ನುವವರು ಹಳೆಯದನ್ನೇ ಹಿಡಿದು ಬರುತ್ತಾರೆ.

ನಾನು ಭಾನುವಾರ ಸವಾರಿ ಮಾಡುವುದಿಲ್ಲ. ಹೆದ್ದಾರಿಯಿಂದ ಹಿಂಗಣೆವಾಡಿಗೆ ತಿರುಗುವ ಕ್ರಾಸಿನಲ್ಲಿ ಬೆಳಿಗ್ಗೆ ಆರಕ್ಕೆ ನಿಲ್ಲುತ್ತೇನೆ, ಎಲ್ಲರನ್ನೂ ನೇರ ಕಳಿಸುತ್ತೇನೆ. ನನ್ನ ಕಣ್ಣು ತಪ್ಪಿಸಿ ಕಾಲುವೆಯ ಕಡೆಯಿಂದ ಬರುವವರಿಗೆ ಹೊಲದ ಹತ್ತಿರ ಒಬ್ಬರು ಬೇಕು. ಬೇರೆ ಯಾರನ್ನು ಕೇಳಲಿ ಎಂದು ನನಗೆ ಗೊತ್ತಿಲ್ಲ.

ಇಂಪನಾ


ಕೋಥರೂಡ, ಪುಣೆ
18 ಮಾರ್ಚ್ 2025

ತಂಗಿ ಇಂಪನಾ,

ಭಾನುವಾರ ಮರಳಿ ಬರುವಾಗ ಟೆಂಪೊದಲ್ಲಿ ನೀನು ಏನಾಯಿತು ಎಂದು ಮೂರು ಸಲ ಕೇಳಿದೆ. ನಾನು ಮೊಣಕಾಲು ನೋಯುತ್ತಿದೆ ಎಂದೆ. ಮೊಣಕಾಲು ನೋಯುತ್ತಿದ್ದದ್ದು ಸುಳ್ಳಲ್ಲ, ಆದರೆ ಅದಕ್ಕಾಗಿ ಸುಮ್ಮನಿರಲಿಲ್ಲ. ಬಾಯಲ್ಲಿ ಆಗದ್ದನ್ನು ಬರೆಯುತ್ತೇನೆ.

ನಿನ್ನ ಕ್ರಾಸು ತಪ್ಪಿಸಿಕೊಂಡು ಕಾಲುವೆಯ ಕಡೆಯಿಂದ ಬಂದವರು ಹತ್ತೊಂಬತ್ತು. ನಾನು ಆರೂವರೆಗೇ ಹೋಗಿ, ದಂಡೆ ಮುಗಿದು ಹೂಳು ಶುರುವಾಗುವಲ್ಲಿ ಸೈಕಲ್ಲನ್ನು ಅಡ್ಡ ಮಲಗಿಸಿ, ಅದರ ಮುಂದೆ ನಿಂತಿದ್ದೆ. ಮಾರ್ತಾಂಡರೂ ಅವರ ಹೆಂಡತಿಯೂ ಕೆಳಗಿನ ಪಟ್ಟಿಯಲ್ಲಿ ಬಿತ್ತುತ್ತಿದ್ದರು. ದೂರದಿಂದ ನನ್ನನ್ನು ನೋಡಿ ಕೈ ಎತ್ತಿದರು, ಕೆಲಸ ಬಿಡಲಿಲ್ಲ. ಎಂಟು ದಿನದ ತೇವ, ಬಿಡುವ ಹಾಗಿಲ್ಲ.

ಬಂದವರಲ್ಲಿ ಬಹಳ ಮಂದಿ ಒಳ್ಳೆಯವರು. ಹೊಲ ಎಂದ ಕೂಡಲೇ ಇಳಿದರು, ಕ್ಷಮೆ ಕೇಳಿದರು, ಅಲ್ಲಿಂದಲೇ ಹಕ್ಕಿ ನೋಡಿ ತಿರುಗಿದರು. ನಾವು ಮೊದಲೇ ಒಂದು ಮಾತು ಹೇಳಿದ್ದರೆ ಇಷ್ಟೇ ಸಾಕಿತ್ತು ಎಂದು ಪ್ರತಿಯೊಬ್ಬ ತಿರುಗಿದಾಗಲೂ ಅನ್ನಿಸಿತು. ಒಬ್ಬ ಮಾತ್ರ ಫೋನು ಮುಖಕ್ಕೆ ಹಿಡಿದು "ಅಂಕಲ್, ನಕ್ಷೆಯಲ್ಲಿ ಯಾರದ್ದೂ ಅಲ್ಲದ ದಾರಿ ಅಂತಿದೆ, ನಿಮ್ಮದು ಹೇಗಾಯ್ತು?" ಎಂದು ವಾದ ಮಾಡಿದ. ಅವನೂ ಅವನ ಜೊತೆಯ ಇಬ್ಬರೂ ನನ್ನನ್ನು ಸುತ್ತುಬಳಸಿ ಅಂಚಿನಲ್ಲಿ ಹೋಗಿಬಿಟ್ಟರು. ನಾನು ಓಡಿದೆ. ಅರವತ್ತೇಳರ ಓಟ, ಗೇರಿನ ಸೈಕಲ್ಲಿಗೆ ಸಮವೇ? ಹತ್ತಿಪ್ಪತ್ತು ಹೆಜ್ಜೆ ಬಿತ್ತಿದ ನೆಲ ತುಳಿಸಿಕೊಂಡಿತು. ಉಳಿದದ್ದು ಉಳಿಯಿತು. ಕೆಳಗಿನ ಪಟ್ಟಿ ಉಳಿಯಿತು, ತಂಗಿ. ನೀನು ಕ್ರಾಸಿನಲ್ಲಿ ಬಿಸಿಲಲ್ಲಿ ನಿಂತದ್ದು ವ್ಯರ್ಥವಾಗಲಿಲ್ಲ.

ಹನ್ನೊಂದಕ್ಕೆ ಬಿತ್ತನೆ ಮುಗಿಸಿ ಮಾರ್ತಾಂಡರು ದಂಡೆಗೆ ಬಂದರು. ನನ್ನ ಪಕ್ಕದಲ್ಲೇ ಕೂತರು. ಮುಖದಲ್ಲಿ ನಗು ಇತ್ತು. "ನಿಮ್ಮಂಥಾವ್ರು ಇದ್ದದ್ದಕ್ಕ ಉಳೀತರೀ" ಎಂದರು. ಆ ಮಾತನ್ನು ಕೇಳಿಕೊಂಡು ಕೂಡಲು ಆಗಲಿಲ್ಲ. ಈ ದಾರಿಯನ್ನು ಸೈಕಲ್ಲಿನವರಿಗೆ ಮೊದಲು ತೋರಿಸಿದವನೇ ನಾನು ಎಂದು ಹೇಳಿಬಿಟ್ಟೆ.

ಅವರು ಕೈಗಂಟಿದ ಹೂಳು ಒರೆಸಿಕೊಂಡರು. ಆಮೇಲೆ, "ಇರಲಿ ಬಿಡ್ರಿ. ಪ್ಯಾಟಿ ಮಂದಿ ನೀವು, ನಿಮಗೇನು ತಿಳೀತದ" ಎಂದರು.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವರೇ ನನಗೊಂದು ದಾರಿ ಮಾಡಿ ಕೊಟ್ಟಿದ್ದರು. ನಾನು ತಲೆ ತಗ್ಗಿಸಿ ಕೂತದ್ದನ್ನು ನೋಡಿ ಅವರಿಗೆ ಏನನ್ನಿಸಿತೋ, "ನಿಮ್ದು ಮೂಲ ಊರು ಯಾವುದ್ರಿ?" ಎಂದು ಕೇಳಿದರು.

"ಬಾಗಲಕೋಟಿ ಕಡೆ. ಮುಳುಗಡ್ಯಾಗ ಹೋತು" ಎಂದೆ.

"ಅಲ್ಲೂ ನೀರು ಇಳದ ಮ್ಯಾಲ ಬಿತ್ತತಾರೇನ್ರಿ?"

"ಬಿತ್ತತಾರ. ನಮ್ಮಣ್ಣ ಬಿತ್ತತಾನ."

ಅವರು ನನ್ನ ಕಡೆ ತಿರುಗಿದರು. "ಹಂಗಾದ್ರ ನಿಮಗ ಗೊತ್ತಿತ್ತು" ಎಂದರು. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ತು" ಎಂದೆ.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಎದ್ದು, ಬೀಜದ ಚೀಲ ಕೊಡವಿ, ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದರು. ಅವರ ಹೆಂಡತಿ ಹಿಂದೆ ಹೋದರು. ಮನೆ ಅಲ್ಲಿಂದ ನೂರು ಹೆಜ್ಜೆ.

ಆ ಸೀಮೆಯಲ್ಲಿ, ನಮ್ಮ ಸೀಮೆಯಲ್ಲೂ ಅಷ್ಟೇ, ಬಿಸಿಲಲ್ಲಿ ಬಂದು ಕೂತವನಿಗೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ಮಾತು ಆಮೇಲೆ. ವೈರಿಯಾದರೂ ಕೊಡುತ್ತಾರೆ. ಫೆಬ್ರುವರಿಯಲ್ಲಿ ನಾನು ಯಾರು ಎತ್ತ ಎಂದು ತಿಳಿಯದಿದ್ದಾಗಲೂ ಆ ಮನೆಯವರು ಕೊಟ್ಟಿದ್ದರು. ಭಾನುವಾರ ಒಂದು ಗಂಟೆಯ ತನಕ ದಂಡೆಯ ಮೇಲೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು, ಒಳಗೆ ಓಡಾಡುವುದು ಕಾಣುತ್ತಿತ್ತು. ನನಗೆ ಬಹಳ ಬಾಯಾರಿತ್ತು, ಇಂಪನಾ. ಯಾರೂ ನೀರು ಬೇಕೇ ಎಂದು ಕೇಳಲಿಲ್ಲ, ಬೇಕು ಎಂದು ಕೇಳುವ ಮುಖ ನನಗಿರಲಿಲ್ಲ.

ನಿನ್ನ,
ಶಿವರುದ್ರಪ್ಪ